ವಾಕಿಯಿಂದ ಎಂಪುಟಾವರೆಗೆ: ಉಗಾಂಡದ ತೈಲಶೋಧನೆಯ 68 ವರ್ಷ

ಆಲ್ಬರ್ಟ್ ಸರೋವರದ ಪೂರ್ವ ದಂಡೆಯಲ್ಲಿ ಕಿಬಿರೊ ಎಂಬ ಹಳ್ಳಿಯಿದೆ. ಹಿಂದೆ ಗೋಡೆಯಂತೆ ನಿಂತ ಎತ್ತರದ ದರೆ, ಮುಂದೆ ನೀರು, ನಡುವೆ ಕಿರಿದಾದ ಬಯಲು. ದರೆಯ ಬುಡದಲ್ಲಿ ಬಿಸಿನೀರಿನ ಬುಗ್ಗೆಗಳಿವೆ. ಅವುಗಳ ನೀರು ಹರಿಯುವ ನೆಲದಲ್ಲಿ ಹೆಂಗಸರು ಉಪ್ಪು ತೆಗೆಯುತ್ತಾರೆ. ಸಡಿಲ ಮಣ್ಣನ್ನು ತೇವದ ನೆಲದ ಮೇಲೆ ಹರಡುತ್ತಾರೆ, ಬಿಸಿಲಿಗೆ ಉಪ್ಪು ಮೇಲೇರಿ ಮಣ್ಣಿಗೆ ಅಂಟಿದ ಮೇಲೆ ಕೆರೆದು ತೆಗೆಯುತ್ತಾರೆ, ತಳ ತೂತಾದ ಮಡಕೆಗೆ ಆ ಮಣ್ಣು ತುಂಬಿ ನೀರು ಹೊಯ್ದು ಸೋಸುತ್ತಾರೆ, ಸೋಸಿದ ನೀರನ್ನು ಕುದಿಸುತ್ತಾರೆ. ಉಪ್ಪಿನ ತೋಟ ತಾಯಿಯಿಂದ ಮಗಳಿಗೆ ಬರುತ್ತದೆ. ಈ ಕಸುಬು ಅಲ್ಲಿ ನೂರಾರು ವರ್ಷಗಳಿಂದ ನಡೆದುಬಂದಿದೆ. ಅದೇ ದರೆಯ ಬುಡದಲ್ಲಿ ಕಲ್ಲಿನ ಸಂದಿಯಿಂದ ಕಪ್ಪು ಎಣ್ಣೆಯೂ ಒಸರುತ್ತದೆ.

ಆ ಎಣ್ಣೆ ಕಾಗದಕ್ಕೆ ಇಳಿದದ್ದು 1920ರ ದಶಕದಲ್ಲಿ, ನೆಲದಡಿಯಿಂದ ಸರಿಯಾಗಿ ಪತ್ತೆಯಾದದ್ದು 2006ರಲ್ಲಿ. ನಡುವಿನ ದಾರಿಯಲ್ಲಿ ಯಾರು ಯಾವಾಗ ಏನು ನಿರ್ಧರಿಸಿದರು ಎಂಬುದೇ ಈ ಪ್ರಕರಣ ಅಧ್ಯಯನದ ವಿಷಯ. ದೇಶದ ಮತ್ತು ಊರುಗಳ ಹೆಸರನ್ನು ಮುಚ್ಚಿಡಲು ಬರುವುದಿಲ್ಲ, ಭೂವಿಜ್ಞಾನವೇ ಅವುಗಳಿಗೆ ಅಂಟಿಕೊಂಡಿದೆ. ಆದರೆ ಕಂಪನಿಗಳು, ಈಚಿನ ಅಧಿಕಾರಿಗಳು, ನೆಲ ಕಳೆದುಕೊಂಡ ಕುಟುಂಬಗಳು ಯಾರೆಂದು ಹೇಳಿಲ್ಲ. ಬೇರೆ ಯಾವ ಹೆಸರನ್ನು ಆ ಜಾಗದಲ್ಲಿ ಇಟ್ಟರೂ ನಿರ್ಧಾರಗಳು ಅವೇ.

ಹಿನ್ನೆಲೆ: ಬಿರುಕು ಬಿಟ್ಟ ಭೂಮಿ

ಪೂರ್ವ ಆಫ್ರಿಕಾದ ನೆಲ ಕೋಟ್ಯಂತರ ವರ್ಷಗಳಿಂದ ನಿಧಾನವಾಗಿ ಸೀಳುತ್ತಿದೆ. ಆ ಸೀಳಿನ ಪಶ್ಚಿಮ ಕವಲಿನಲ್ಲಿ, ಉಗಾಂಡ ಮತ್ತು ಕಾಂಗೊ ಗಡಿಯ ಉದ್ದಕ್ಕೂ, ನೆಲ ಕುಸಿದು ಆದ ಕಣಿವೆಯೇ ಆಲ್ಬರ್ಟೈನ್ ಕಣಿವೆ. ಕುಸಿದ ಜಾಗದಲ್ಲಿ ಸರೋವರ ನಿಂತಿತು. ಸರೋವರದ ಪಾಚಿ ಸತ್ತು ಕೆಸರಿನಲ್ಲಿ ಹೂತುಹೋಯಿತು. ಅದರ ಮೇಲೆ ಮರಳು, ಜೇಡಿ, ಮತ್ತೆ ಮರಳು, ಹೀಗೆ ಕಿಲೋಮೀಟರುಗಟ್ಟಲೆ ಮೆಕ್ಕಲು ಬಂದು ಕೂತಿತು. ಆಳದ ಶಾಖಕ್ಕೆ ಕೆಸರು ಬೆಂದು ಎಣ್ಣೆಯಾಯಿತು. ನೀರಿಗಿಂತ ಹಗುರವಾದ ಎಣ್ಣೆ ಮೇಲೆ ಬರಲು ದಾರಿ ಹುಡುಕುತ್ತದೆ, ಕಣಿವೆಯ ಅಂಚಿನ ಬಿರುಕುಗಳು ಅದಕ್ಕೆ ಏಣಿಯಾಗುತ್ತವೆ. ದಾರಿಯಲ್ಲಿ ಮರಳುಕಲ್ಲಿನ ಪದರ ಸಿಕ್ಕಿ, ಮೇಲೆ ಜೇಡಿಯ ಮುಚ್ಚಳವಿದ್ದರೆ ಅಲ್ಲೇ ನಿಲ್ಲುತ್ತದೆ, ಇಲ್ಲದಿದ್ದರೆ ನೆಲದ ಮೇಲೆ ಒಸರಿಬಿಡುತ್ತದೆ.

ಹಾಗಾಗಿ ಒಸರು ಸಿಕ್ಕಿತು ಎಂದರೆ ಎರಡು ಅರ್ಥ ಬರುತ್ತದೆ. ಕೆಳಗೆ ಎಣ್ಣೆ ಹುಟ್ಟಿದೆ ಎಂಬುದಕ್ಕೆ ಅದು ಸಾಕ್ಷಿ. ಮುಚ್ಚಳ ಒಡೆದು ಎಲ್ಲ ಸೋರಿಹೋಗಿರಬಹುದು ಎಂಬ ಅನುಮಾನಕ್ಕೂ ಅದೇ ಆಧಾರ. ಈ ಕಣಿವೆಯ ಇಡೀ ಕಥೆ ಈ ಎರಡು ಅರ್ಥಗಳ ನಡುವೆ ತೂಗಾಡಿದೆ.

1919ರಲ್ಲಿ ಎಂಟೆಬ್ಬೆಯಲ್ಲಿ ವಸಾಹತು ಸರ್ಕಾರ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ತೆರೆಯಿತು. ಅದರ ಮುಖ್ಯಸ್ಥ ಇ. ಜೆ. ವೇಲ್ಯಾಂಡ್ ದರೆಯ ಉದ್ದಕ್ಕೂ ಓಡಾಡಿ 50ಕ್ಕೂ ಹೆಚ್ಚು ಒಸರುಗಳನ್ನು ಗುರುತಿಸಿದ. 1925ರಲ್ಲಿ ಅವನ್ನೆಲ್ಲ ಒಂದು ವರದಿಯಾಗಿ ಅಚ್ಚು ಹಾಕಿಸಿದ. ನನ್ನ ಲೆಕ್ಕದಲ್ಲಿ ಈ ಪ್ರಕರಣದ ಅತಿ ದೊಡ್ಡ ಬಂಡವಾಳ ಆ ವರದಿ. ಎಣ್ಣೆ ಇದೆಯೇ ಇಲ್ಲವೇ ಎಂಬುದನ್ನು ವೇಲ್ಯಾಂಡ್ ತೀರ್ಮಾನಿಸಲಿಲ್ಲ. ಎಲ್ಲಿ ಏನು ಕಂಡಿತು ಎಂದು ಬರೆದಿಟ್ಟ.

ಮೊದಲ ತಿರುವು: ಪರೀಕ್ಷೆಯಾಗದ ಬಾವಿ

1938ರಲ್ಲಿ ಸರೋವರದ ಪೂರ್ವ ದಂಡೆಯ ಬುಟಿಯಾಬಾ ಊರಿನ ಬಳಿ ಒಂದು ಹೂಡಿಕೆ ಕಂಪನಿ ಮೊದಲ ಆಳದ ಬಾವಿ ಕೊರೆಯಿತು. ಹೆಸರು ವಾಕಿ ಬಿ-1, ಆಳ 1,237 ಮೀಟರ್. ಕೊರೆಯುವಾಗ ಟಾರಿನಂಥ ಬಿಟುಮೆನ್ ಹಲವು ಮಟ್ಟಗಳಲ್ಲಿ ಕಾಣಿಸಿಕೊಂಡಿತು. ಆದರೂ ಬಾವಿಯನ್ನು ಪರೀಕ್ಷೆ ಮಾಡಲಿಲ್ಲ.

ಪರೀಕ್ಷೆ ಎಂದರೆ ಏನೆಂದು ಸ್ವಲ್ಪ ಬಿಡಿಸಿ ಹೇಳಬೇಕು. ಬಾವಿ ಕೊರೆಯುವಾಗ ಒಳಗೆ ಭಾರದ ಕೆಸರು ತುಂಬಿರುತ್ತದೆ. ಅದರ ಒತ್ತಡವೇ ಕಲ್ಲಿನೊಳಗಿನ ಎಣ್ಣೆ, ಅನಿಲ, ನೀರನ್ನು ಹೊರಬರದಂತೆ ತಡೆಯುತ್ತದೆ. ಪದರ ಏನು ಕೊಡುತ್ತದೆ, ದಿನಕ್ಕೆ ಎಷ್ಟು ಕೊಡುತ್ತದೆ ಎಂದು ತಿಳಿಯಬೇಕಾದರೆ ಆ ಮಟ್ಟವನ್ನು ಮಾತ್ರ ಬೇರ್ಪಡಿಸಿ, ಒತ್ತಡ ಇಳಿಸಿ, ಅದನ್ನು ಹರಿಯಲು ಬಿಡಬೇಕು. ಇಷ್ಟು ಮಾಡದೆ ಮುಚ್ಚಿದ ಬಾವಿಗೆ 'ಇದೆ' ಎನ್ನುವಂತಿಲ್ಲ, 'ಇಲ್ಲ' ಎನ್ನುವಂತೆಯೂ ಇಲ್ಲ. ವಾಕಿ ಬಾವಿ ಹಾಗೆ ಉಳಿಯಿತು.

ಅದೇ 1938ರಲ್ಲಿ ಸೌದಿ ಅರೇಬಿಯಾದ ದಮ್ಮಾಮ್‌ನಲ್ಲಿ 7ನೇ ಬಾವಿ ಎಣ್ಣೆ ಕೊಟ್ಟಿತು. ಅದಕ್ಕೆ ಮುಂಚಿನ ಆರು ಬಾವಿಗಳು ನಿರಾಸೆ ತಂದಿದ್ದವು. ಕುವೈತಿನ ಬುರ್ಗಾನ್ ಕೂಡ ಅದೇ ವರ್ಷದ ಪತ್ತೆ. ಕೊಲ್ಲಿಯಲ್ಲಿ ಸಮುದ್ರ ಪಕ್ಕದಲ್ಲೇ ಇತ್ತು, ಉಗಾಂಡದಿಂದ ಸಮುದ್ರಕ್ಕೆ ಸಾವಿರ ಕಿಲೋಮೀಟರಿಗೂ ಮೀರಿದ ದಾರಿ. ಮರುವರ್ಷ ಮಹಾಯುದ್ಧ ಶುರುವಾಯಿತು. ಯುದ್ಧ ಮುಗಿದ ಮೇಲೆ ಕೆಲವು ಆಳವಿಲ್ಲದ ಬಾವಿಗಳು ಬಿದ್ದವು, ಅಷ್ಟೆ. 1962ರಲ್ಲಿ ಸ್ವಾತಂತ್ರ್ಯ ಬಂತು, 1971ರಿಂದ 1979ರವರೆಗೆ ಸರ್ವಾಧಿಕಾರಿ ಇದಿ ಅಮೀನನ ಆಳ್ವಿಕೆ, ಆಮೇಲೆ ಅಂತರ್ಯುದ್ಧ. ಆ ವರ್ಷಗಳಲ್ಲಿ ದರೆ ಇಳಿದು ಕಲ್ಲು ನೋಡುವ ಸ್ಥಿತಿಯೇ ಇರಲಿಲ್ಲ.

ನಮ್ಮಲ್ಲಿ ಬೋರ್‌ವೆಲ್ ಕೊರೆಸಿ ನೀರು ಬರದಿದ್ದರೆ ಕೇಸಿಂಗ್ ಪೈಪು ಕಿತ್ತುಕೊಂಡು ಲಾರಿ ಹೊರಟುಬಿಡುತ್ತದೆ. ಎಷ್ಟು ಅಡಿಗೆ ಯಾವ ಮಣ್ಣು ಬಂತು, ಯಾವ ಕಲ್ಲು ಬಂತು, ಎಲ್ಲಿ ತೇವ ಸಿಕ್ಕಿತು ಎಂದು ಬರೆದಿಡುವ ರೈತರು ಅಪರೂಪ. ಪಕ್ಕದ ಹೊಲದವನು ಮತ್ತೆ ಸೊನ್ನೆಯಿಂದಲೇ ಶುರುಮಾಡಬೇಕು. ಎಂಟೆಬ್ಬೆಯಲ್ಲಿ ಹಾಗಾಗಲಿಲ್ಲ. ಸರ್ಕಾರಗಳು ಬಿದ್ದವು, ಸೈನ್ಯಗಳು ಬಂದು ಹೋದವು, ವೇಲ್ಯಾಂಡನ ವರದಿ ಉಳಿಯಿತು, ವಾಕಿ ಬಾವಿಯ ವಿವರಗಳೂ ಉಳಿದವು. ಇದನ್ನು ನೆನೆದಾಗಲೆಲ್ಲ ಕಡತ ಕಾಯ್ದ ಆ ಗುಮಾಸ್ತರ ಬಗ್ಗೆ ನನಗೆ ಗೌರವ ಹುಟ್ಟುತ್ತದೆ.

ಎರಡನೆಯ ತಿರುವು: ಕಂಪನಿ ಹೋಯಿತು, ಕೆಲಸ ನಿಲ್ಲಲಿಲ್ಲ

1980ರ ದಶಕದ ಮೊದಲರ್ಧದಲ್ಲಿ ಇಡೀ ಕಣಿವೆಯ ಮೇಲೆ ವಿಮಾನದಿಂದ ಕಾಂತೀಯ ಸರ್ವೆ ನಡೆಯಿತು. ಗಟ್ಟಿ ತಳಕಲ್ಲು ಎಲ್ಲಿ ಆಳಕ್ಕೆ ಇಳಿದಿದೆ, ಎಲ್ಲಿ ಮೆಕ್ಕಲು ದಪ್ಪವಾಗಿದೆ ಎಂಬುದರ ಸ್ಥೂಲ ಚಿತ್ರ ಸಿಕ್ಕಿತು. 1985ರಲ್ಲಿ ಪೆಟ್ರೋಲಿಯಂ ಕಾಯಿದೆ ಬಂತು. 1986ರಲ್ಲಿ ಅಧಿಕಾರಕ್ಕೆ ಬಂದ ಯೊವೇರಿ ಮುಸೆವೇನಿ, ಆಗಲೇ ಕಂಪನಿಗಳು ಮುಂದೆ ಬಂದಿದ್ದವು, ನಮ್ಮವರು ಕಲಿತು ಬರುವವರೆಗೆ ಬೇಡ ಎಂದು ತಡೆದೆ ಎಂದು ಮುಂದೆ ಭಾಷಣಗಳಲ್ಲಿ ಹೇಳಿಕೊಂಡಿದ್ದಾರೆ. ಯುವ ಭೂವಿಜ್ಞಾನಿಗಳು ಪೆಟ್ರೋಲಿಯಂ ವಿಷಯದಲ್ಲಿ ಸ್ನಾತಕೋತ್ತರ ಓದಿಗೆ ಹೊರದೇಶಕ್ಕೆ ಹೋದದ್ದಂತೂ ನಿಜ. 1991ರಲ್ಲಿ ಎಂಟೆಬ್ಬೆಯಲ್ಲಿ ತೈಲಶೋಧನೆಗೆಂದೇ ಪ್ರತ್ಯೇಕ ಇಲಾಖೆ ಹುಟ್ಟಿತು.

ಅದೇ ವರ್ಷ ಯುರೋಪಿನ ಒಂದು ದೊಡ್ಡ ತೈಲ ಕಂಪನಿಗೆ ಇಡೀ ಕಣಿವೆಯ ಪರವಾನಗಿ ಸಿಕ್ಕಿತು. ಸರ್ಕಾರದ ಮಟ್ಟಿಗೆ ಇದು ದೊಡ್ಡ ಹಬ್ಬ. ಆದರೆ 1993ರಲ್ಲಿ ಆ ಕಂಪನಿ ಒಂದು ಬಾವಿಯನ್ನೂ ಕೊರೆಯದೆ ಪರವಾನಗಿ ಬಿಟ್ಟುಕೊಟ್ಟು ಹೊರಟುಹೋಯಿತು.

ಬಹಳಷ್ಟು ದೇಶಗಳಲ್ಲಿ ಕಥೆ ಇಲ್ಲಿಗೆ ನಿಲ್ಲುತ್ತದೆ. ಅಷ್ಟು ದೊಡ್ಡವರೇ ಬಿಟ್ಟು ಹೋದರು, ಇನ್ನು ಯಾರು ಬಂದಾರು ಎಂಬ ಮಾತು ಕಚೇರಿಯಿಂದ ಕಚೇರಿಗೆ ಹರಡಿ ಕಡತ ಕಪಾಟು ಸೇರುತ್ತದೆ. ಉಗಾಂಡದ ಇಲಾಖೆ ಬೇರೆ ದಾರಿ ಹಿಡಿಯಿತು. ಓದಿ ಬಂದಿದ್ದ ಬೆರಳೆಣಿಕೆಯ ಭೂವಿಜ್ಞಾನಿಗಳು ತಾವೇ ಕಣಿವೆಗೆ ಇಳಿದರು. ಬಂಡೆಗಳ ನಕ್ಷೆ ಬರೆದರು, ಹಳೆಯ ಒಸರುಗಳನ್ನು ಹುಡುಕಿ ಮಾದರಿ ತಂದರು, ಗುರುತ್ವಮಾಪಕ ಹೊತ್ತು ಬಯಲಿನಲ್ಲಿ ಬಿಂದುವಿನಿಂದ ಬಿಂದುವಿಗೆ ನಡೆದರು.

ಗುರುತ್ವ ಸರ್ವೆ ತಾಳ್ಮೆ ಬೇಡುವ ಕೆಲಸ. ಉಪಕರಣವನ್ನು ನೆಲಕ್ಕಿಟ್ಟು, ಮಟ್ಟ ಸರಿಮಾಡಿ, ಉಸಿರು ಬಿಗಿಹಿಡಿದು ಓದಬೇಕು. ಕೆಳಗೆ ದಪ್ಪ ಮೆಕ್ಕಲು ಇದ್ದರೆ ಗುರುತ್ವದ ಎಳೆತ ಕೂದಲೆಳೆಯಷ್ಟು ಕಡಿಮೆ, ಗಟ್ಟಿ ಕಲ್ಲು ಮೇಲೆ ಬಂದಿದ್ದರೆ ಅಷ್ಟೇ ಹೆಚ್ಚು. ಆ ಬಿಂದುವಿನ ಎತ್ತರ ಸರಿಯಾಗಿ ಗೊತ್ತಿಲ್ಲದಿದ್ದರೆ ಅಂಕಿ ಕೆಲಸಕ್ಕೆ ಬಾರದು. ದಿನವಿಡೀ ನಡೆದರೂ ನಕ್ಷೆಯ ಮೇಲೆ ಒಂದು ಸಣ್ಣ ಗೆರೆಯಷ್ಟೇ ಸೇರುತ್ತದೆ. ಹೀಗೆ ಗೆರೆ ಗೆರೆ ಕೂಡಿಸಿ ಅವರು ಕಣಿವೆಯ ಚಿತ್ರ ಕಟ್ಟಿದರು, ಅದನ್ನು ಪ್ರತ್ಯೇಕ ಬ್ಲಾಕುಗಳಾಗಿ ವಿಂಗಡಿಸಿದರು, ದಾಖಲೆಗಳನ್ನು ಹೊತ್ತು ಹೊರದೇಶಗಳ ಸಮ್ಮೇಳನಗಳಲ್ಲಿ ಕಂಪನಿಗಳ ಮುಂದೆ ಹರಡಿದರು.

ಪರವಾನಗಿಯ ವಿಚಾರದಲ್ಲೂ ಪಾಠ ಕಲಿತಿದ್ದರು. ಇಡೀ ಕಣಿವೆಯನ್ನು ಒಬ್ಬರ ಕೈಗೆ ಕೊಟ್ಟರೆ ಆ ಒಬ್ಬರ ನಿರುತ್ಸಾಹ ಇಡೀ ಕಣಿವೆಗೆ ಬೀಗ ಜಡಿಯುತ್ತದೆ. ಬ್ಲಾಕು ಮಾಡಿ ಹಂಚಿದರೆ ಒಬ್ಬರ ಸೋಲು ಇನ್ನೊಬ್ಬರನ್ನು ತಡೆಯುವುದಿಲ್ಲ. 1997ರಲ್ಲಿ ಮೊದಲ ಸಣ್ಣ ಕಂಪನಿ ದಕ್ಷಿಣದ ಸೆಮ್ಲಿಕಿ ಬಯಲಿನ ಬ್ಲಾಕು ಹಿಡಿಯಿತು. 2001ರಲ್ಲಿ ಇನ್ನೊಂದು ಜೋಡಿ ಕಂಪನಿಗಳು ಸರೋವರದ ಪೂರ್ವ ದಂಡೆಗೆ ಬಂದವು. ಇವು ಯಾವುವೂ ಜಗತ್ತಿನ ದೈತ್ಯ ಕಂಪನಿಗಳಲ್ಲ. ಅಪರಿಚಿತ ನೆಲದಲ್ಲಿ ಅಪಾಯ ಹೊರಲು ಮುಂದೆ ಬರುವವರು ಹೆಚ್ಚಾಗಿ ಇಂಥ ಸಣ್ಣವರೇ, ದೊಡ್ಡವರು ಎಣ್ಣೆ ಕಂಡ ಮೇಲೆ ಕೊಳ್ಳಲು ಬರುತ್ತಾರೆ.

ಟುರಾಕೊ ಎಂಬ ನಿರಾಸೆ

1998ರಲ್ಲಿ ಕಣಿವೆಯ ಮೊದಲ ಸೈಸ್ಮಿಕ್ ಸರ್ವೆ, ಅಂದರೆ ನೆಲಕ್ಕೆ ಕಂಪನ ಕಳಿಸಿ ಪದರಗಳಿಂದ ಮರಳುವ ಪ್ರತಿಧ್ವನಿಯನ್ನು ಓದುವ ಕೆಲಸ, ಸೆಮ್ಲಿಕಿಯಲ್ಲಿ ಆಯಿತು. 2002ರಲ್ಲಿ ಅಲ್ಲಿ ಟುರಾಕೊ-1 ಬಾವಿ ಶುರುವಾಯಿತು. ಟುರಾಕೊ ಎಂಬುದು ಆಫ್ರಿಕಾದ ಒಂದು ಬಣ್ಣದ ಹಕ್ಕಿ. ವಾಕಿಯ ನಂತರ 64 ವರ್ಷಕ್ಕೆ ಮತ್ತೊಂದು ಆಳದ ಬಾವಿ ಎಂದರೆ ದೇಶದ ನಿರೀಕ್ಷೆ ಎಷ್ಟಿತ್ತೆಂದು ಊಹಿಸಬಹುದು. ಮೊದಲ ಬಾವಿಯಲ್ಲಿ ಕುರುಹು ಕಂಡಿತು, ಎಣ್ಣೆ ಸಿಗಲಿಲ್ಲ. 2003ರಲ್ಲಿ ಎರಡನೆಯದು, 2004ರಲ್ಲಿ ಮೂರನೆಯದು. ಮೂರನೆಯ ಬಾವಿಯಲ್ಲಿ ಅನಿಲ ಹರಿಯಿತು. ಪರೀಕ್ಷಿಸಿ ನೋಡಿದರೆ ಅದು ಇಂಗಾಲದ ಡೈಆಕ್ಸೈಡ್ ತುಂಬಿದ ಅನಿಲ, ಉರಿಸಲು ಬಾರದ್ದು.

ಮೂರು ಬಾವಿ, ಕೋಟಿಗಟ್ಟಲೆ ಡಾಲರ್, ಕೈಗೆ ಉರಿಯದ ಅನಿಲ. ಇಲ್ಲಿ ಮತ್ತೆ ಅದೇ ಎರಡು ಅರ್ಥದ ಪ್ರಶ್ನೆ ಎದ್ದಿತು. ಕಣಿವೆಯೇ ಬರಡೋ, ಬಾವಿ ತೋಡಿದ ಜಾಗ ತಪ್ಪೋ?

ಉತ್ತರ ಹುಡುಕಿದ್ದು ಪಕ್ಕದ ಬ್ಲಾಕಿನವರು. ಟುರಾಕೊ ಬಾವಿಗಳು ವ್ಯರ್ಥವಾಗಿರಲಿಲ್ಲ. ಅಲ್ಲಿ ದಪ್ಪ ಮೆಕ್ಕಲಿದೆ, ಮರಳುಕಲ್ಲಿದೆ, ಮುಚ್ಚಳದ ಜೇಡಿಯಿದೆ, ಎಣ್ಣೆ-ಅನಿಲದ ಕುರುಹೂ ಇದೆ ಎಂದು ಅವು ತೋರಿಸಿದ್ದವು. ಸರೋವರದ ಕಡೆಯ ಕಂಪನಿಗಳು 2003ರಲ್ಲಿ ನೀರಿನ ಮೇಲೆ ಸೈಸ್ಮಿಕ್ ಸರ್ವೆ ಮಾಡಿದವು, ಆಮೇಲೆ ದಂಡೆಯ ಮೇಲೂ. ಗಮನ ದರೆಯ ಬುಡದ ಕೈಸೊ-ಟೊನ್ಯಾ ಬಯಲಿನ ಮೇಲೆ ನಿಂತಿತು. ವೇಲ್ಯಾಂಡ್ ಒಸರುಗಳನ್ನು ಗುರುತಿಸುತ್ತ ಓಡಾಡಿದ ದರೆ ಇದೇ. ಆಳದಲ್ಲಿ ಹುಟ್ಟಿದ ಎಣ್ಣೆ ಅಂಚಿನ ಕಡೆಗೆ ಏರಿ ಬರುತ್ತದೆ ಎಂದಾದರೆ, ನೆಲದ ಮೇಲೆ ಸೋರುವ ಮುನ್ನ ವಾಲಿದ ಬಂಡೆಗಳ ನಡುವೆ ಎಲ್ಲಾದರೂ ಸಿಕ್ಕಿಬಿದ್ದಿರಬೇಕು. ಒಸರನ್ನು ಸೋರಿಕೆಯ ಕುರುಹಾಗಿ ಓದುತ್ತಿದ್ದವರು ಈಗ ಅದನ್ನು ದಾರಿ ತೋರುವ ಗುರುತಾಗಿ ಓದಿದರು.

2006ರ ಆರಂಭದಲ್ಲಿ ಎಂಪುಟಾ-1 ಬಾವಿಯಲ್ಲಿ ಎಣ್ಣೆ ಸಿಕ್ಕಿತು. ಎಂಪುಟಾ ಎಂದರೆ ಅಲ್ಲಿನ ಮಾತಿನಲ್ಲಿ ನೈಲ್ ಪರ್ಚ್ ಮೀನು. ಎಣ್ಣೆ ಇದ್ದ ಆಳ ಹೆಚ್ಚೇನಲ್ಲ, ಒಂದು ಕಿಲೋಮೀಟರಿನ ಆಸುಪಾಸು. ಅಂದರೆ 1938ರ ಯಂತ್ರ ತಲುಪಿದ್ದಷ್ಟೇ ಆಳ. ಅದೇ ವರ್ಷ ವರಾಗಾ-1 ಬಾವಿಯನ್ನು ಪರೀಕ್ಷೆಗೆ ತೆರೆದಾಗ ದಿನಕ್ಕೆ 12,000 ಬ್ಯಾರೆಲ್ ದಾಟಿ ಹರಿಯಿತು. ಹಿಂದೆಯೇ ಕಿಂಗ್‌ಫಿಶರ್ ಬಾವಿಯಿಂದ 13,000ಕ್ಕೂ ಹೆಚ್ಚು. 2006ರ ಅಕ್ಟೋಬರ್‌ನಲ್ಲಿ ಅಧ್ಯಕ್ಷರು ದೇಶಕ್ಕೆ ಸುದ್ದಿ ತಿಳಿಸಿದರು. ಆಮೇಲೆ ಬುಲಿಸಾ ಕಡೆ, ಬುಟಿಯಾಬಾದ ಉತ್ತರಕ್ಕೆ, ಒಂದರ ಹಿಂದೆ ಒಂದು ಪತ್ತೆ. ಕೊರೆದ ನೂರು ಬಾವಿಯಲ್ಲಿ 85ಕ್ಕಿಂತ ಹೆಚ್ಚು ಫಲ ಕೊಟ್ಟವು ಎಂಬುದು ತೈಲಶೋಧನೆಯಲ್ಲಿ ಅತಿ ಅಪರೂಪದ ಅನುಪಾತ. ಕಣಿವೆಯಲ್ಲಿರುವ ಒಟ್ಟು ಎಣ್ಣೆಯ ಅಂದಾಜು 650 ಕೋಟಿ ಬ್ಯಾರೆಲ್, ಅದರಲ್ಲಿ ಮೇಲೆತ್ತಲು ಬರುವುದು ಸುಮಾರು 140 ಕೋಟಿ. ಹೊಸ ಪತ್ತೆಗಳ ನಕ್ಷೆಯಲ್ಲಿ ಹಳೆಯ ವಾಕಿ ಬಾವಿ ದಕ್ಷಿಣದ ಕೈಸೊ-ಟೊನ್ಯಾಕ್ಕೂ ಉತ್ತರದ ಬುಲಿಸಾಕ್ಕೂ ನಡುವೆ ಬರುತ್ತದೆ.

ಇಂಥದ್ದು ಇಲ್ಲಿ ಮಾತ್ರ ಆದದ್ದಲ್ಲ. ಪಕ್ಕದ ಕೀನ್ಯಾದ ತುರ್ಕಾನಾದಲ್ಲಿ 1992ರ ಲೊಪೆರೊಟ್-1 ಬಾವಿ ಮೇಣದಂಥ ಎಣ್ಣೆ ತೋರಿಸಿತ್ತು, ಆದರೂ ಕೈಬಿಟ್ಟರು. 2012ರಲ್ಲಿ ಅದೇ ಕಣಿವೆಯ ಎನ್‌ಗಾಮಿಯಾ-1 ದೇಶದ ದೊಡ್ಡ ಪತ್ತೆಯಾಯಿತು.

ಎಣ್ಣೆ ಸಿಕ್ಕಿದ ಮೇಲೆ

ಇಲ್ಲಿಯವರೆಗೆ ಉಗಾಂಡದ ತಾಳ್ಮೆಯನ್ನು ಮನಸಾರೆ ಮೆಚ್ಚಿಕೊಂಡು ಬರೆದೆ. ಮುಂದಿನ ಭಾಗದ ಬಗ್ಗೆ ಅಷ್ಟೇ ಮೆಚ್ಚುಗೆಯಿಂದ ಬರೆಯಲಾರೆ.

2009ರಲ್ಲೇ ಸಣ್ಣ ಪ್ರಮಾಣದಲ್ಲಿ ಉತ್ಪಾದನೆ ಶುರುಮಾಡುವ ಯೋಜನೆಯಿತ್ತು, ಆಗಲಿಲ್ಲ. ಸರೋವರದ ನಡುವೆ ಗಡಿ ಹಾದುಹೋಗುತ್ತದೆ. 2007ರ ಆಗಸ್ಟ್‌ನಲ್ಲಿ ಸರ್ವೆ ದೋಣಿಯಲ್ಲಿದ್ದ ಒಬ್ಬ ಗುತ್ತಿಗೆ ನೌಕರ ಕಾಂಗೊ ಸೈನಿಕರೊಂದಿಗಿನ ಘರ್ಷಣೆಯಲ್ಲಿ ಗುಂಡಿಗೆ ಬಲಿಯಾದ, ಮರುತಿಂಗಳು ಎರಡೂ ದೇಶಗಳು ಒಪ್ಪಂದಕ್ಕೆ ಕೂತವು. 2010ರಲ್ಲಿ ಮೊದಲು ಬಂದಿದ್ದ ಸಣ್ಣ ಕಂಪನಿ ತನ್ನ ಪಾಲನ್ನು 145 ಕೋಟಿ ಡಾಲರಿಗೆ ಮಾರಿತು. ಆ ಲಾಭದ ಮೇಲೆ ತೆರಿಗೆ ಕೊಡಬೇಕೆಂದು ಸರ್ಕಾರ ಪಟ್ಟು ಹಿಡಿಯಿತು, ಜಗಳ ಲಂಡನ್ನಿನವರೆಗೆ ಹೋಯಿತು, ಸರ್ಕಾರ ಗೆದ್ದಿತು. ಇದು ಸರಿಯಾದ ಹಟವಾಗಿತ್ತು. ತೆರಿಗೆ ಕಾನೂನು ಓದಿ ವಾದಿಸುವ ಜನರನ್ನು ದೇಶ ಬೆಳೆಸಿಕೊಂಡಿತ್ತು ಎಂಬುದೂ ಇದರಿಂದ ಕಂಡಿತು.

ಸೋತದ್ದು ನೆಲದ ವಿಷಯದಲ್ಲಿ. 2012ರಲ್ಲಿ ಹೊಯಿಮಾ ಬಳಿಯ ಕಬಾಲೆಯಲ್ಲಿ ಸಂಸ್ಕರಣಾಗಾರಕ್ಕೆಂದು 29 ಚದರ ಕಿಲೋಮೀಟರ್ ಗುರುತಿಸಿದರು. 13 ಹಳ್ಳಿ, 7,000ಕ್ಕೂ ಹೆಚ್ಚು ಜನ. ಒಂದು ದಿನಾಂಕ ನಿಗದಿಯಾಯಿತು, ಅಲ್ಲಿಂದ ಮುಂದೆ ದೀರ್ಘಕಾಲದ ಬೆಳೆ ಇಡಬಾರದು ಎಂದರು. ಬಾಳೆ, ಕಾಫಿ ಬೆಳೆಯುವ ಊರಿಗೆ ಈ ಮಾತಿನ ಅರ್ಥ ಏನೆಂದು ತೋಟ ಇರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಪರಿಹಾರ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾಯುವಷ್ಟು ದಿನವೂ ಗಿಡ ನೆಡುವಂತಿಲ್ಲ, ಮನೆ ರಿಪೇರಿ ಮಾಡಿಸುವ ಧೈರ್ಯ ಬಾರದು, ಊರು ಬಿಟ್ಟವರ ಮಕ್ಕಳಿಲ್ಲದೆ ಶಾಲೆ ಬಡವಾಗುತ್ತದೆ. ಹಣದ ಬದಲು ಮನೆ ಆರಿಸಿಕೊಂಡವರಿಗೆ ಕ್ಯಾಕಬೋಗಾದಲ್ಲಿ ಮನೆ ಸಿಕ್ಕಿದ್ದು 2017ರಲ್ಲಿ. ಐದು ವರ್ಷ!

ಬಂಡೆಯ ಪ್ರತಿ ಪದರವನ್ನೂ ಬರೆದಿಟ್ಟ ದೇಶ ಅದು. ಒಂದು ಕುಟುಂಬದ ಹೊಲದಲ್ಲಿ ಯಾವ ತಿಂಗಳು ಏನು ಬೆಳೆಯುತ್ತಿತ್ತು, ಐದು ವರ್ಷ ಬೆಳೆ ನಿಂತರೆ ಆ ಮನೆ ಹೇಗೆ ಉಣ್ಣುತ್ತದೆ ಎಂಬುದನ್ನೂ ಅಷ್ಟೇ ಶ್ರದ್ಧೆಯಿಂದ ಬರೆದಿಟ್ಟು, ಅದರ ಮೇಲೆ ದಿನಾಂಕ ಹಾಕಬಹುದಿತ್ತು. ಹಣ ಕೈಯಲ್ಲಿ ಸಿದ್ಧವಾದ ಮೇಲೆ ಬೆಳೆ ನಿಲ್ಲಿಸಿ ಎಂದಿದ್ದರೆ ಅರ್ಧ ಸಂಕಟ ತಪ್ಪುತ್ತಿತ್ತು. ಈ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ನೋವು ಕೊಡುವ ನಿರ್ಧಾರ ಇದು, ಏಕೆಂದರೆ ಇದನ್ನು ಬಲವಂತ ಮಾಡಿದ್ದು ಭೂವಿಜ್ಞಾನವೂ ಅಲ್ಲ, ಯುದ್ಧವೂ ಅಲ್ಲ.

ಎಣ್ಣೆಯ ಗುಣವೂ ಕಷ್ಟ ತಂದಿತು. ಅದರಲ್ಲಿ ಮೇಣ ಹೆಚ್ಚು, ಮಾಮೂಲಿ ಉಷ್ಣತೆಯಲ್ಲಿ ಗಟ್ಟಿಯಾಗುತ್ತದೆ. ಸಮುದ್ರಕ್ಕೆ ಒಯ್ಯಬೇಕಾದರೆ ಪೈಪನ್ನು ದಾರಿಯುದ್ದಕ್ಕೂ ಬಿಸಿಯಾಗಿ ಇಡಬೇಕು. ನಮ್ಮ ದೇಶದಲ್ಲಿ ರಾಜಸ್ಥಾನದ ಬಾರ್ಮೇರ್‌ನಿಂದ ಗುಜರಾತಿನ ಕರಾವಳಿಗೆ ಹೋಗುವ ಪೈಪ್‌ಲೈನ್ ಇದೇ ಕಾರಣಕ್ಕೆ ಬಿಸಿಯಾದದ್ದು, ಅದರ ಉದ್ದ ಸುಮಾರು 670 ಕಿಲೋಮೀಟರ್. ಉಗಾಂಡದಿಂದ ತಾಂಜಾನಿಯಾದ ಟಾಂಗಾ ಬಂದರಿಗೆ 1,443 ಕಿಲೋಮೀಟರ್, ಎಣ್ಣೆಯನ್ನು 50 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಲು ಬಿಡುವಂತಿಲ್ಲ. ಕೀನ್ಯಾದ ದಾರಿ ಬಿಟ್ಟು ಈ ದಾರಿ ಆರಿಸಿದ್ದು 2016ರಲ್ಲಿ, ಹಣ ಹಾಕುವ ಅಂತಿಮ ತೀರ್ಮಾನ ಆದದ್ದು 2022ರ ಫೆಬ್ರವರಿ 1ರಂದು. ಅಷ್ಟರಲ್ಲಿ ಜಗತ್ತು ಹವಾಮಾನದ ಚಿಂತೆಗೆ ಬಿದ್ದಿತ್ತು, ಬಾವಿಗಳಲ್ಲಿ ಕೆಲವು ಮರ್ಚಿಸನ್ ಜಲಪಾತದ ರಾಷ್ಟ್ರೀಯ ಉದ್ಯಾನದೊಳಗೇ ಇದ್ದವು, ಸಾಲ ಕೊಡುವ ದೊಡ್ಡ ಬ್ಯಾಂಕುಗಳು ಹಿಂದೆ ಸರಿದವು. ಮೊದಲ ಎಣ್ಣೆಯ ದಿನಾಂಕ 2020 ಎಂದಿದ್ದದ್ದು 2025 ಆಯಿತು, ಅದೂ ಮುಂದಕ್ಕೆ ಹೋಯಿತು.

ಪತ್ತೆಯಿಂದ ಉತ್ಪಾದನೆಗೆ ಇಷ್ಟು ತಡವಾದದ್ದನ್ನು ಕೆಲವರು ಬರೀ ಸೋಲು ಎನ್ನುತ್ತಾರೆ. ನಾನು ಹಾಗೆ ನೋಡುವುದಿಲ್ಲ. ಕಚ್ಚಾ ಎಣ್ಣೆಯನ್ನೆಲ್ಲ ಹೊರಗೆ ಕಳಿಸುವುದೋ, ದೇಶದಲ್ಲೇ ಸಂಸ್ಕರಿಸುವುದೋ ಎಂಬ ಚರ್ಚೆ, 2013ರ ಹೊಸ ಪೆಟ್ರೋಲಿಯಂ ಕಾಯಿದೆಗಳು, ತೆರಿಗೆಯ ಜಗಳ, ಇವಕ್ಕೆ ಹಿಡಿದ ಸಮಯ ಸಾರ್ಥಕವೇ. ಕಬಾಲೆಯ ತೋಟಗಳ ಐದು ವರ್ಷವನ್ನು ಮಾತ್ರ ಆ ಲೆಕ್ಕಕ್ಕೆ ಸೇರಿಸಲಾರೆ.

ಆಲ್ಬರ್ಟೈನ್ ಕಣಿವೆಯಲ್ಲೇ ಸರಿಯಾಗಿ ಶೋಧಿಸಿದ ಭಾಗ ಅರ್ಧಕ್ಕಿಂತ ಕಡಿಮೆ. ಉಗಾಂಡದಲ್ಲಿ ಮೆಕ್ಕಲು ತುಂಬಿದ ಬೇರೆ ಕಣಿವೆಗಳೂ ಇವೆ, ಅವುಗಳಲ್ಲಿ ಒಂದು ಬಾವಿಯೂ ಬಿದ್ದಿಲ್ಲ. ಈಶಾನ್ಯದ ಕರಮೋಜಾದಲ್ಲಿ, ದನಗಾಹಿಗಳ ಒಣ ಬಯಲಿನಲ್ಲಿ, ಮೊರೊಟೊ-ಕಡಮ್ ಎಂಬ ಕಣಿವೆಯಿದೆ. ಈಚಿನ ವರ್ಷಗಳಲ್ಲಿ ಅಲ್ಲಿ ಸರ್ಕಾರದ ಭೂವಿಜ್ಞಾನಿಗಳು ಬಂಡೆಗಳ ನಕ್ಷೆ ಬರೆಯುತ್ತಿದ್ದಾರೆ, ಗುರುತ್ವಮಾಪಕವನ್ನು ನೆಲಕ್ಕಿಟ್ಟು, ಮಟ್ಟ ಸರಿಮಾಡಿ, ಅಂಕಿ ಬರೆದುಕೊಂಡು ಮುಂದಿನ ಬಿಂದುವಿಗೆ ನಡೆಯುತ್ತಿದ್ದಾರೆ.